ಗೋಣಿ ಹೊಲಿದ ಕ್ಯಾನು

ತೆಲುಗು ಸೀಮೆಗೆ ಸೇರಿದ ಆಸ್ಪರಿಯ ಆಚೆಗಿನ ಆ ಊರಲ್ಲಿ ಮೇ ತಿಂಗಳ ಕೊನೆಗೆ ಹಸಿರು ನೋಡಬೇಕೆಂದರೆ ಲಿಂಗಕ್ಕನ ಹಿತ್ತಲಿಗೇ ಹೋಗಬೇಕು. ಉಳಿದವರ ಅಂಗಳದಲ್ಲಿ ತುಳಸಿ ಕೂಡ ಒಣಗಿ ಕಡ್ಡಿಯಾಗಿರುತ್ತದೆ. ಈಕೆಯ ಹತ್ತು ಹೆಜ್ಜೆ ಉದ್ದ, ಎಂಟು ಹೆಜ್ಜೆ ಅಗಲದ ಜಾಗದಲ್ಲಿ ಹೀರೆ, ಸೋರೆ, ಹಾಗಲ, ಬದನೆ, ಪುಂಡಿಪಲ್ಲೆ, ಮೂಲೆಯಲ್ಲಿ ಒಂದು ಮಲ್ಲಿಗೆ. ಬದನೆಗೆ ಹಳೆ ಸೀರೆಯ ನೆರಳು ಕಟ್ಟಿದ್ದಾಳೆ. ನಲ್ಲಿಗೆ ನೀರು ನಾಲ್ಕು ದಿನಕ್ಕೊಮ್ಮೆ ಬಂದರೆ ಪುಣ್ಯ. ಆದರೂ ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು, ಮೈ ತೊಳೆದ ನೀರು, ಒಂದು ತಂಬಿಗೆಯೂ ವ್ಯರ್ಥವಾಗದಂತೆ ಹಿಡಿದು, ಗಿಡ ಸಾಕುತ್ತಿದ್ದಳು ಪುಣ್ಯಾತಗಿತ್ತಿ. ಗಂಡ ಮಾರೆಪ್ಪ ಬೇಸಿಗೆ ಬಂತೆಂದರೆ ಕುರಿ ಹೊಡೆದುಕೊಂಡು ಕಾಲುವೆ ಕಡೆಗೆ ಹೋಗುವವನು, ಮಳೆ ಬಿದ್ದ ಮೇಲೆಯೇ ಅವನ ಮುಖ. ಆ ನಾಲ್ಕು ತಿಂಗಳು ಗಿಡಗಳೇ ಅವಳಿಗೆ ಮಾತಿನ ಜೊತೆ.

ಅವಳ ಗುಟ್ಟು ಇರುವುದು ಕ್ಯಾನುಗಳಲ್ಲಿ. ಹತ್ತಿ ಹೊಲದ ಬದುವಿನಲ್ಲಿ ಎಣ್ಣೆಯ ಖಾಲಿ ಕ್ಯಾನು ಬೇಕಾದಷ್ಟು ಬಿದ್ದಿರುತ್ತವೆ. ಎಣ್ಣೆ ಅಂದರೆ ಅಡುಗೆಯದಲ್ಲ, ಬೆಳೆಗೆ ಹೊಡೆಯುವ ಔಷಧಿ. ಆ ಸೀಮೆಯಲ್ಲಿ ಅದಕ್ಕೆ ಎಣ್ಣೆ ಎಂದೇ ಹೆಸರು. ಕೂಲಿಗೆ ಹೋದವಳು ಬರುವಾಗ ಒಂದೆರಡು ಕ್ಯಾನು ಆಯ್ದು ತರುವಳು. ಬೂದಿ ಹಾಕಿ ತಿಕ್ಕಿ, ಮೂರು ನೀರಲ್ಲಿ ಜಾಲಾಡಿ, ಮೂರು ದಿನ ಬಿಸಿಲಿಗೆ ಒಣಗಿಸುವಳು. ಆಮೇಲೆ ಸೂಜಿ ಕಾಯಿಸಿ ತಳಕ್ಕೆ ಒಂದು ತೂತು, ತೂತಿಗೆ ಒಂದೆಳೆ ನೂಲು, ಗಿಡದ ಬುಡದ ಮೇಲೆ ಕೋಲಿಗೆ ಕಟ್ಟಿದರೆ ಮುಗಿಯಿತು. ಮುಚ್ಚಳ ಸಡಿಲಿಸಿದರೆ ಹನಿ ಜೋರು, ಬಿಗಿ ಮಾಡಿದರೆ ನಿಧಾನ. ಹೀಗೆ ಆರು ವರ್ಷ ನಡೆದಿತ್ತು, ಒಂದು ಗಿಡವೂ ಮುನಿಸಿಕೊಂಡಿರಲಿಲ್ಲ.

ಈ ವರ್ಷ ಕೂಲಿಗೆ ಹೋದ ಲಕ್ಷ್ಮಿಕಾಂತನ ಹೊಲದ ಬದುವಿನಲ್ಲಿ ಐದು ಹೊಸ ಕ್ಯಾನು ಸಿಕ್ಕವು. ಹಾಲಿನಷ್ಟು ಬಿಳಿ, ಗಟ್ಟಿ, ಹಿಡಿಕೆ ಮುರಿದಿಲ್ಲ. ಕಸ, ಅಂದರೆ ಹೊಲದ ಕಳೆ, ಸುಡುವ ಎಣ್ಣೆ ಹೊಡೆದ ಮೇಲೆ ಎಸೆದದ್ದು. ಲಿಂಗಕ್ಕನಿಗೆ ಓದು ಬಾರದು, ಬಂದಿದ್ದರೂ ಆ ಹೊತ್ತಿಗೆ ಓದುತ್ತಿರಲಿಲ್ಲ ಬಿಡಿ, ಅಷ್ಟು ಖುಷಿ. ನಾಲ್ಕನ್ನು ಹೀರೆ, ಸೋರೆ, ಹಾಗಲ, ಮಲ್ಲಿಗೆಯ ಬುಡಕ್ಕೆ ಕಟ್ಟಿದಳು. ಐದನೆಯದು ಎಲ್ಲಕ್ಕಿಂತ ಚೆಂದ. ಅದಕ್ಕೆ ಸೂಜಿ ತಾಗಿಸಲಿಲ್ಲ. ಹೊಲಕ್ಕೆ ನೀರು ಒಯ್ಯುವವರು ಮಾಡುವ ಹಾಗೆ ಅದರ ಸುತ್ತ ಗೋಣಿ ಸುತ್ತಿ, ದಬ್ಬಣದಿಂದ ಒತ್ತೊತ್ತಾಗಿ ಹೊಲಿದಳು. ಗೋಣಿ ನೆನೆಸಿ ಮನೆ ಮುಂದಿನ ಬೇವಿನ ಕೊಂಬೆಗೆ ತೂಗುಹಾಕಿದರೆ ಒಳಗಿನ ನೀರು ಹಲ್ಲು ಜುಮ್ಮೆನ್ನುವಷ್ಟು ತಂಪು.

ಆ ಕ್ಯಾನು ಹೊಲಿದದ್ದು ಮಗಳಿಗೆಂದು. ನಾಗಜ್ಯೋತಿಯನ್ನು ಗೋನೆಗಂಡ್ಲಕ್ಕೆ ಕೊಟ್ಟಿತ್ತು. ಹೋದ ವರ್ಷ ಐದು ತಿಂಗಳಿಗೆ ಅವಳ ಬಸಿರು ಜಾರಿತ್ತು. ಈ ಸಲ ಏಳು ತುಂಬಲು ಬಂದಿದೆ ಎಂದು ಮೇ ಮೊದಲಿಗೇ ಲಿಂಗಕ್ಕ ಹೋಗಿ ಕರೆತಂದಳು. ಅತ್ತೆ ಮನೆಯ ಬೋರಿನ ನೀರು ಉಪ್ಪು, ಅದನ್ನು ಕುಡಿದೇ ಹೋದ ವರ್ಷದ ಕೂಸು ಹೋಯಿತು ಎಂದು ಅವಳ ಗಟ್ಟಿ ನಂಬಿಕೆ. ಈ ಕೂಸಾದರೂ ಕೈಗೆ ಬರಬೇಕು. ಮಗಳ ಬಾಯಿಗೆ ತನ್ನ ಕೈಯ ನೀರು, ತನ್ನ ಹಿತ್ತಲ ಸೊಪ್ಪು ಬಿಟ್ಟು ಬೇರೆ ಏನೂ ಹೋಗಬಾರದೆಂದು ಹಟ ತೊಟ್ಟಳು. ಹಟಕ್ಕೆ ಲಿಂಗಕ್ಕನನ್ನು ಮೀರಿಸಿದವರಿಲ್ಲ.

ಮೊದಲ ವಾರ ಎಷ್ಟು ಚೆನ್ನಾಗಿತ್ತು! ಬೆಳಗಿನ ಐದೂವರೆಗೆ ತಾಯಿ ಮಗಳು ಹಿತ್ತಲಿಗೆ ಬರುವರು. ಹನಿ ಬಿದ್ದ ಮಣ್ಣಿನ ವಾಸನೆ, ರಾತ್ರಿ ಬಿರಿದ ಮಲ್ಲಿಗೆ, ಬೆರಳುದ್ದದ ಹೀರೆ ಹೀಚು. ನಾಗಜ್ಯೋತಿ ಹೊಟ್ಟೆ ಹಿಡಿದುಕೊಂಡು ಕಲ್ಲಿನ ಮೇಲೆ ಕೂತು, ಕೂಸು ಒದೆದಾಗೆಲ್ಲ ಕೂಗಿ ಹೇಳುವಳು. ಲಿಂಗಕ್ಕ ಕೈಯ ಮಣ್ಣು ಸೀರೆಗೆ ಒರೆಸಿಕೊಂಡು ಬಂದು ಮುಟ್ಟಿ ನೋಡುವಳು. ಒಮ್ಮೆ ಮಾತ್ರ ಮಗಳು ನೀರು ಬಾಯಲ್ಲಿಟ್ಟು ಮುಖ ಕಿವುಚಿದಳು. ಒಗರು ಬಂದಂತಿದೆ ಎಂದಳು. ಹೊಸ ಗೋಣಿಯ ವಾಸನೆ ಅದು, ನಾಲ್ಕು ದಿನಕ್ಕೆ ಹೋಗುತ್ತದೆ ಎಂದು ತಾಯಿ ಗದರಿದಳು.

ಎರಡನೆಯ ವಾರ ಹೀರೆಯ ಕುಡಿ ಸುರುಟಿತು. ಒಣಗಿದ್ದಲ್ಲ, ಬಾಡಿದ್ದಲ್ಲ. ಹಸಿರಾಗಿಯೇ ಇದ್ದು, ಯಾರೋ ಹಿಡಿದು ತಿರುಚಿದಂತೆ ತಿರುಚಿಕೊಂಡಿತ್ತು. ಅಂಗೈಯಗಲದ ಎಲೆ ಬೀಸಣಿಗೆಯ ಹಾಗೆ ಮಡಚಿಕೊಂಡು ಕಿರಿದಾಯಿತು. ಮರುದಿನ ಸೋರೆ, ಅದರಾಚೆಯ ದಿನ ಹಾಗಲ. ಹೀಚುಗಳು ಮುರುಟಿ ಉದುರಿದವು. ಮಲ್ಲಿಗೆಯ ಮೊಗ್ಗು ಬಿರಿಯದೆ ಕಪ್ಪಾಯಿತು. ಹುಳ ಇಲ್ಲ, ಇರುವೆ ಇಲ್ಲ, ಎಲೆಯ ಹಿಂದೆ ಏನೂ ಇಲ್ಲ. ಇಂಥ ರೋಗವನ್ನು ಲಿಂಗಕ್ಕ ಕಂಡೇ ಇರಲಿಲ್ಲ. ಅವಳಿಗೆ ಹೆದರಿಕೆಯಾಯಿತು, ನಿಜವಾದ ಹೆದರಿಕೆ. ಗಿಡಕ್ಕಾಗಿಯಲ್ಲ, ಮಗಳ ಹೊಟ್ಟೆಗಾಗಿ.

ಹೆದರಿಕೆಗೆ ಒಂದು ಹೆಸರು ಬೇಕಲ್ಲ, ಪಕ್ಕದ ಮನೆಯ ರಾಮಲಕ್ಷ್ಮಿಯ ಹೆಸರು ಸಿಕ್ಕಿತು. ಮಕ್ಕಳಿಲ್ಲದ ಹೆಂಗಸು. ಹತ್ತು ದಿನದ ಹಿಂದೆ ಗೋಡೆಯ ಮೇಲಿಂದ ಇಣುಕಿ, ಬಳ್ಳಿಯೂ ತುಂಬಿದೆ ಮಗಳೂ ತುಂಬಿದ್ದಾಳೆ ಎಂದು ನಕ್ಕಿದ್ದಳು. ಪ್ರೀತಿಯಿಂದ ಅಂದದ್ದೇ. ಆದರೆ ಈಗ ಲಿಂಗಕ್ಕನಿಗೆ ಆ ನಗುವೇ ಬೇರೆ ಕಂಡಿತು. ನಡು ಬೀದಿಯಲ್ಲಿ ನಿಂತು, ಬಂಜೆಯ ಕಣ್ಣು ಬಿದ್ದರೆ ಬಳ್ಳಿ ಉಳಿದೀತೇ ಎಂದು ಎಲ್ಲರಿಗೂ ಕೇಳುವಂತೆ ಅಂದುಬಿಟ್ಟಳು. ರಾಮಲಕ್ಷ್ಮಿ ಕೊಡ ಎತ್ತಿಕೊಂಡು ಒಳಗೆ ಹೋದಳು.

ಆಮೇಲೆ ಹಿತ್ತಲಿಗೆ ಹಳೆ ಚಪ್ಪಲಿ ಬಂತು, ಸುಣ್ಣದ ಚುಕ್ಕೆಯಿಟ್ಟ ಮಡಕೆ ಬಂತು. ಸಂಜೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದೂ ಆಯಿತು. ಬಳ್ಳಿ ಸುರುಟುತ್ತಲೇ ಹೋಯಿತು. ನಾಗಜ್ಯೋತಿಗೆ ತಲೆ ತಿರುಗತೊಡಗಿತು, ತಿಂದದ್ದು ನಿಲ್ಲುತ್ತಿರಲಿಲ್ಲ. ರೋಹಿಣಿ ಬಿಸಿಲು, ಬಸುರಿಗೆ ಇದೆಲ್ಲ ಇದ್ದದ್ದೇ ಎಂದು ಊರ ಹೆಂಗಸರು ಅಂದರು. ಉರಿ ಹೆಚ್ಚಾಗಿದೆ, ಇನ್ನಷ್ಟು ತಂಪು ನೀರು ಕುಡಿ ಎಂದು ಲಿಂಗಕ್ಕ ಗೋಣಿ ಕ್ಯಾನನ್ನು ದಿನಕ್ಕೆ ಎರಡು ಸಲ ತುಂಬಿದಳು. ತಾಯಿಯ ಕೈಯಲ್ಲಿ ಲೋಟ ಕಂಡರೆ ಬೇಡವೆನ್ನುವ ಮಗಳಲ್ಲ ಅವಳು.

ಒಂದು ಮಧ್ಯಾಹ್ನ ಬಿಸಿಲು ಹೇಗಿತ್ತೆಂದರೆ ಹಿತ್ತಲ ಮಣ್ಣಿಗೆ ಕಾಲಿಡಲು ಆಗುತ್ತಿರಲಿಲ್ಲ. ಲಿಂಗಕ್ಕ ಕ್ಯಾನುಗಳಿಗೆ ನೀರು ಹಾಕಲು ಬಂದಳು. ಬದನೆ ಸೀರೆಯ ನೆರಳಲ್ಲಿ ನೆಟ್ಟಗೆ ನಿಂತಿತ್ತು, ಪುಂಡಿ ಹಸಿರಾಗಿ ನಗುತ್ತಿತ್ತು. ಅದೇ ಮಣ್ಣು, ಅದೇ ನೀರು. ಕಣ್ಣು ಬಿದ್ದರೆ ಬದನೆಯನ್ನು ಬಿಟ್ಟು ಹಾಗಲಕ್ಕೆ ಮಾತ್ರ ಬೀಳುತ್ತದೆಯೇ? ಅವಳು ಕೊಡ ಕೆಳಗಿಟ್ಟಳು. ಬದನೆಗೆ ಹಳೆ ನೀಲಿ ಕ್ಯಾನು. ಪುಂಡಿಗೆ ಹಳೆ ಹಳದಿ ಕ್ಯಾನು. ತಿರುಚಿದ ನಾಲ್ಕಕ್ಕೂ ಬಿಳಿಯದು.

ಹೀರೆಯ ಕ್ಯಾನಿನ ಮುಚ್ಚಳ ತೆಗೆದು ಮೂಗಿಗೆ ಹಿಡಿದಳು. ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನೊಳಗಿಂದ ಎಣ್ಣೆಯ ವಾಸನೆ ಗಪ್ಪೆಂದು ಬಂತು. ಬೂದಿಗೂ ಹೋಗಿರಲಿಲ್ಲ, ಮೂರು ನೀರಿಗೂ ಹೋಗಿರಲಿಲ್ಲ. ಲಿಂಗಕ್ಕ ಬೆರಳು ಮಡಚಿ ಎಣಿಸಿದಳು. ಹೀರೆ, ಸೋರೆ, ಹಾಗಲ, ಮಲ್ಲಿಗೆ. ನಾಲ್ಕು. ತಂದದ್ದು ಐದು.

ಅವಳು ಹೇಗೆ ಓಡಿದಳೋ ಅವಳಿಗೇ ಗೊತ್ತಿಲ್ಲ. ನಾಗಜ್ಯೋತಿ ಬೇವಿನ ನೆರಳಲ್ಲಿ ಮಂಚದ ಮೇಲೆ ಕೂತು ಲೋಟ ಬಾಯಿಗೆ ಎತ್ತುತ್ತಿದ್ದಳು. ಲಿಂಗಕ್ಕ ಲೋಟಕ್ಕೆ ಹೊಡೆದಳು, ಅದು ಹೋಗಿ ಗೋಡೆಗೆ ಬಿತ್ತು. ಕೊಂಬೆಯಿಂದ ಕ್ಯಾನು ಕಿತ್ತು, ಕುಡುಗೋಲಿನಿಂದ ತಾನೇ ಹಾಕಿದ ಹೊಲಿಗೆಗಳನ್ನು ಪರಪರ ಹರಿದಳು. ಗೋಣಿಯ ಕೆಳಗೆ ಔಷಧಿಯ ಹೆಸರಿನ ಕಾಗದ ನೆನೆದು ಅಂಟಿಕೊಂಡೇ ಇತ್ತು. ಓದು ಎಂದು ಮಗಳ ಮುಂದೆ ಹಿಡಿದಳು.

ಹತ್ತನೆಯ ತರಗತಿವರೆಗೆ ತೆಲುಗು ಶಾಲೆಯಲ್ಲಿ ಕಲಿತವಳು ನಾಗಜ್ಯೋತಿ. ಬೆರಳಿಟ್ಟು ಓದಿದಳು.

"ಕಲುಪು ಮಂದು. ಕಸದ ಎಣ್ಣಿ ಅಂತ ಐತವ್ವಾ. ಕೆಳಗ..." ಬೆರಳು ನಿಂತಿತು. "ವಿಷಮು ಅಂತ ಐತಿ."

ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು, ಆ ಕೈ ಅತ್ತಿತ್ತ ಹುಡುಕಾಡಿತು.

"ಅವ್ವಾ, ನಿನ್ನಿ ಸಂಜೀಲಿಂದ ಒದ್ದಿಲ್ಲ. ಬಿಸಲಿಗೆ ಮಲಗೈತಿ ಅಂದ್ಕೊಂಡಿದ್ದೆ."

ಲಿಂಗಕ್ಕ ಕೂಗಿಕೊಂಡಳು. ಆ ಕೂಗು ಕೇಳಿ ಮೊದಲು ಬಂದವಳು ರಾಮಲಕ್ಷ್ಮಿ. ಗೋಡೆ ಹಾರಿಯೇ ಬಂದಳು. ಕ್ಯಾನು ನೋಡಿದಳು, ಏನಾಯಿತೆಂದು ಕೇಳಲಿಲ್ಲ. ಊರಿನ ನರೇಶನ ಆಟೋ ಕರೆಸಿದಳು, ಹುಡುಗಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಳು. ಡಾಕ್ಟರಿಗೆ ತೋರಿಸಬೇಕು, ಕ್ಯಾನು ತೆಗೆದುಕೋ ಎಂದು ಅವಳೇ ಹೇಳಿದಳು. ಆದೋನಿಯ ಆಸ್ಪತ್ರೆಯವರೆಗೂ ಲಿಂಗಕ್ಕ ಅದನ್ನು ಎದೆಗೆ ಅವುಚಿಕೊಂಡು ಕೂತಿದ್ದಳು. ಹತ್ತಿ ಕಿತ್ತ ಹೊಲಗಳು ಎರಡೂ ಕಡೆ ಬೋಳಾಗಿ ಬಿದ್ದಿದ್ದವು. ಬದುಗಳಲ್ಲಿ ಬಿಳಿ ಬಿಳಿ ಕ್ಯಾನುಗಳು ಹೊಳೆಯುತ್ತಿದ್ದವು, ಅವಳು ಕಣ್ಣು ಮುಚ್ಚಿಕೊಂಡಳು. ಒಂದು ಕೈ ಬಿಡಿಸಿ ರಾಮಲಕ್ಷ್ಮಿಯ ಸೆರಗಿನ ತುದಿ ಹಿಡಿದುಕೊಂಡಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೊಟ್ಟೆಯ ಮೇಲೆ ಮಿಷಿನ್ನಿಟ್ಟು ಬಹಳ ಹೊತ್ತು ಹುಡುಕಿದಳು. ಕೊನೆಗೆ ಸದ್ದು ಕೇಳಿಸಿತು, ಟಕ್ ಟಕ್ ಎಂದು, ಬಹಳ ನಿಧಾನವಾಗಿ. ನಾಗಜ್ಯೋತಿ ಅತ್ತಳು. ಡಾಕ್ಟರಮ್ಮ ಮಾತ್ರ ನಗಲಿಲ್ಲ. ಕ್ಯಾನಿನ ಕಾಗದ ನೋಡಿ ಬರೆದುಕೊಂಡಳು, ಎಷ್ಟು ದಿನ ಕುಡಿದಳು ಎಂದು ಕೇಳಿದಳು. ಇಪ್ಪತ್ತೆರಡು ದಿನ ಎಂದು ಲಿಂಗಕ್ಕ ಸುಳ್ಳು ಸೇರಿಸದೆ ಹೇಳಿದಳು. ಕೂಸು ಬದುಕಿದೆ, ಆದರೆ ಸೋತಿದೆ, ಇದರಿಂದಲೇ ಎಂದೂ ಹೇಳಲಾರೆ, ಅಲ್ಲವೆಂದೂ ಹೇಳಲಾರೆ, ಇಲ್ಲೇ ಇಟ್ಟುಕೊಂಡು ನೋಡಬೇಕು ಎಂದಳು ಡಾಕ್ಟರಮ್ಮ.

ನಾಗಜ್ಯೋತಿ ನೀರಡಿಕೆ ಎಂದಳು. ರಾಮಲಕ್ಷ್ಮಿ ಹೊರಗಿನ ಅಂಗಡಿಯಿಂದ ಬಾಟಲಿ ತಂದಳು. ಲಿಂಗಕ್ಕ ಅದನ್ನು ಕಿತ್ತುಕೊಂಡು ಬೆಳಕಿಗೆ ಹಿಡಿದಳು, ತಿರುಗಿಸಿದಳು, ಮತ್ತೆ ತಿರುಗಿಸಿದಳು. ಐವತ್ತೆರಡು ವರ್ಷದಲ್ಲಿ ಅಕ್ಷರ ಬಾರದ್ದಕ್ಕೆ ಅವಳು ಅತ್ತಿರಲಿಲ್ಲ, ಈಗ ಅತ್ತಳು. ಮುಚ್ಚಳ ತೆಗೆಯದೆ ಮಗಳ ಕೈಗೆ ಕೊಟ್ಟಳು.

"ಮೊದ್ಲು ಓದವ್ವಾ. ಓದಿದ ಮ್ಯಾಲ ಕುಡಿ."

ನಾಗಜ್ಯೋತಿ ಮೇಲಿನ ಅಕ್ಷರದಿಂದ ಕೆಳಗಿನ ಅಕ್ಷರದವರೆಗೆ ಜೋರಾಗಿ ಓದಿದಳು. ಲಿಂಗಕ್ಕ ಒಂದೊಂದನ್ನೂ ಕೇಳಿಸಿಕೊಂಡಳು, ಆಮೇಲೆ ಮುಚ್ಚಳ ತಿರುವಿದಳು. ಮಗಳು ಒಂದು ಕೈಯಲ್ಲಿ ಬಾಟಲಿ ಎತ್ತಿ ಕುಡಿದಳು. ಇನ್ನೊಂದು ಕೈ ಹೊಟ್ಟೆಯ ಮೇಲೆಯೇ ಇತ್ತು, ಒಂದು ಒದೆತಕ್ಕಾಗಿ ಕಾಯುತ್ತ.