ಚಿಕ್ಕಪ್ಪನ ಎಡೆಗೆ ಇಟ್ಟ ಬಾಟಲಿ

ಪೆಟ್ರೋಲಿನ ಜೊತೆ ಎಥೆನಾಲ್ ಬೆರೆಸಿದೆ ಎಂದು ಈಗ ಬಂಕಿನವರೇ ಬೋರ್ಡಿನಲ್ಲಿ ಬರೆದು ಹಾಕುತ್ತಾರೆ, ನೀವೂ ನೋಡಿರುತ್ತೀರಿ. ನೋಡಿ, ಮೈಲೇಜು ಕಮ್ಮಿಯಾಯಿತೆಂದು ಬೈದುಕೊಂಡೂ ಇರುತ್ತೀರಿ. ನನಗೆ ಮಾತ್ರ ಆ ಬೋರ್ಡು ಕಂಡರೆ ಹುಳಿ ಬಂದ ಬೆಲ್ಲದ ವಾಸನೆ ಮೂಗಿಗೆ ಬಡಿಯುತ್ತದೆ. ಬಂಕಿನಲ್ಲಿ ಅಂಥ ವಾಸನೆ ಇರಲು ಸಾಧ್ಯವಿಲ್ಲವೆಂದು ಗೊತ್ತಿದ್ದರೂ ಬಡಿಯುತ್ತದೆ. ಈ ಸಲದ ಪಿತೃಪಕ್ಷದಲ್ಲಿ ಎಡೆ ಇಡುವ ದಿನ ಯಳಂದೂರಿನ ಬಂಕಿಗೆ ಹೋಗಿದ್ದೆ. ಟ್ಯಾಂಕಿನ ಮುಚ್ಚಳ ತೆಗೆಯಲು ಸ್ಕೂಟರಿನ ಸೀಟು ಎತ್ತಿದೆ. ಅಡಿಯಲ್ಲಿ ವೀಳ್ಯದೆಲೆ, ಒಂದು ಹೊಸ ಪಂಚೆ, ಪೇಪರಿನಲ್ಲಿ ಸುತ್ತಿದ ಒಂದು ಕ್ವಾರ್ಟರ್ ಬ್ರಾಂದಿ.

"ಏನ್ ಸಾ, ಅಬ್ಬ ಜೋರಾ?" ಎಂದು ಬಂಕಿನವನು ನಕ್ಕ.

"ನಂಗಲ್ಲ ಕಣಪ್ಪ, ಎಡೆಗೆ. ನಮ್ಮ ಚಿಕ್ಕಪ್ಪಂಗೆ."

ಎಷ್ಟು ಸಲೀಸಾಗಿ ಬಾಯಿಂದ ಬಂತೆಂದರೆ, ಆಮೇಲೆ ಮೈಯೆಲ್ಲ ಹಿಡಿಯಾಯಿತು. ತೀರಿಕೊಂಡವರ ತಲೆಗೆ ಕಟ್ಟಿ ನಾನು ಸಾಚಾ ಆಗಿಬಿಟ್ಟಿದ್ದೆ.

ನಮ್ಮ ಕಡೆ ಹಿರಿಯರಿಗೆ ಬದುಕಿದ್ದಾಗ ಏನು ಇಷ್ಟವೋ ಅದನ್ನೇ ಎಡೆಯಲ್ಲಿ ಇಡುತ್ತಾರೆ. ನಮ್ಮಜ್ಜನಿಗೆ ಬೀಡಿ, ಅಜ್ಜಿಗೆ ಹೊಗೆಸೊಪ್ಪು. ಇಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿ ಮನೆಯವರೆಲ್ಲ ಹೊರಗೆ ಜಗಲಿಯ ಮೇಲೆ ಕೂರಬೇಕು. ಅವರು ಬಂದು ಉಂಡು ಹೋಗಲಿ ಎಂದು. ಚಿಕ್ಕಪ್ಪನ ಪಾಲಿಗೆ ಬರುವುದು ಬ್ರಾಂದಿ. ಆದರೆ ನಮ್ಮ ಚಿಕ್ಕಪ್ಪ ಜೀವಮಾನದಲ್ಲಿ ಒಂದು ತೊಟ್ಟು ಕುಡಿದವರಲ್ಲ. ಕಾಫಿ ಕುಡಿದರೂ ತಲೆ ಸುತ್ತುತ್ತದೆ ಎನ್ನುವ ಮನುಷ್ಯ. ಬಂದವರಿಗೆಲ್ಲ ಅಮ್ಮ ಕಾಫಿ ಕಾಸಿದರೆ ಅವರಿಗೊಬ್ಬರಿಗೆ ಲೋಟದ ತುಂಬ ಬೆಲ್ಲದ ನೀರು.

ಚಿಕ್ಕಪ್ಪ ಮದುವೆಯಾಗಲಿಲ್ಲ. ಮಾಂಬಳ್ಳಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿದ್ದುಕೊಂಡು, ಕೊಳ್ಳೇಗಾಲದ ಅಂಗಡಿಯೊಂದರಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದರು. ಯಾವುದೋ ದೇಶದಲ್ಲಿ ಕಬ್ಬಿನಿಂದ ತೆಗೆದ ಸ್ಪಿರಿಟ್ಟಿನಲ್ಲೇ ಕಾರು ಓಡಿಸುತ್ತಾರಂತೆ ಎಂದು ಅಂಗಡಿಗೆ ಬಂದ ಯಾರೋ ಹೇಳಿದ್ದೇ ತಡ, ಆ ಹುಳ ಅವರ ತಲೆ ಹೊಕ್ಕಿತು. ಊರ ಪಕ್ಕದ ಆಲೆಮನೆಯಲ್ಲಿ ಪಾಕ ಕೆಟ್ಟು ಗಟ್ಟಿಯಾಗದ ಬೆಲ್ಲವನ್ನು ಕೊಡದಲ್ಲಿ ಹೊತ್ತು ತಂದರು. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರಿಗೆ ಕಲಸಿ, ಬೇಕರಿಯಿಂದ ಈಸ್ಟ್ ತಂದು ಹಾಕಿ ಮುಚ್ಚಿಟ್ಟರು. ಅದು ಒಳಗೇ ಗುಳುಗುಳು ಎನ್ನುತ್ತಿತ್ತು. ಹುಳಿ ಬಂದ ಮೇಲೆ ಅದನ್ನು ಕಾಯಿಸಿ, ಆವಿಯನ್ನು ತಾಮ್ರದ ಕೊಳವೆಯಲ್ಲಿ ಹಾಯಿಸಿ ತಣಿಸಿ, ಸ್ಪಿರಿಟ್ ಇಳಿಸುವುದು. ಇಷ್ಟಕ್ಕೆಲ್ಲ ಅಮ್ಮನ ಹಬ್ಬದ ಹಂಡೆಯೇ ಬಲಿಯಾಯಿತು. ಅಮ್ಮ ಒಂದು ವಾರ ಅವರ ಜೊತೆ ಮಾತು ಬಿಟ್ಟಿದ್ದಳು, ಅಷ್ಟಕ್ಕೆಲ್ಲ ಹಂಡೆ ವಾಪಸು ಬರಲಿಲ್ಲ.

ಚಿಕ್ಕಪ್ಪ ದೊಡ್ಡ ವಿಜ್ಞಾನಿ, ಲೋಕಕ್ಕೆ ಗೊತ್ತಾಗಲಿಲ್ಲ ಎಂದು ಹೇಳಲು ಹೊರಟಿದ್ದೇನೆಂದು ತಿಳಿಯಬೇಡಿ. ಅವರ ಮೊಪೆಡ್ಡು ಆ ಸ್ಪಿರಿಟ್ಟಿನಲ್ಲಿ ನೆಟ್ಟಗೆ ಓಡಿದ್ದನ್ನು ನಾನು ಕಂಡಿಲ್ಲ. ಒಂದು ಮುಚ್ಚಳ ಪೆಟ್ರೋಲು ಕುಡಿಸಿದರೆ ಹೊರಡುತ್ತಿತ್ತು. ಊರು ದಾಟುವಷ್ಟರಲ್ಲಿ ಕೆಮ್ಮಿ, ಕೆಮ್ಮಿ, ಮುಳ್ಳೂರಿಗೆ ಹೋಗುವ ಆಳುಗಳು ನಿಂತು ನೋಡುವ ಜಾಗದಲ್ಲೇ ಸರಿಯಾಗಿ ನಿಲ್ಲುತ್ತಿತ್ತು. ಹಿಂದೆ ಕೂತ ನಾನು ಇಳಿದು, ಇವರಾರೋ ನನಗೆ ಗೊತ್ತೇ ಇಲ್ಲ ಎನ್ನುವ ಹಾಗೆ ಗದ್ದೆ ಕಡೆ ಮುಖ ಮಾಡುತ್ತಿದ್ದೆ. ಚಿಕ್ಕಪ್ಪ ಕೊಂಚವೂ ಬೇಸರವಿಲ್ಲದೆ ಟ್ಯಾಂಕಿಗೆ ಮೂಗಿಟ್ಟು, "ನೀರು ಜಾಸ್ತಿ ಆಗೋಯ್ತು ಕಣ್ಲಾ. ಮುಂದಿನ್ ಸಲ ನೋಡು" ಎನ್ನುವರು. ಮುಂದಿನ ಸಲವೂ ನೀರೇ ಜಾಸ್ತಿ.

ಹೀಗಿರುವಾಗ ನನ್ನ ತಂಗಿ ಮಂಜುಳಳನ್ನು ನೋಡಲು ಹನೂರಿನಿಂದ ಗಂಡಿನ ಕಡೆಯವರು ಬಂದರು. ಒಳ್ಳೆಯ ಸಂಬಂಧ. ಅವಳಿಗೂ ಹುಡುಗ ಒಪ್ಪಿಗೆಯಾಗಿದ್ದ. ಬೆಳಗಿನಿಂದ ಊದುಬತ್ತಿ ಹಚ್ಚಿ ಹಚ್ಚಿ ಮನೆಯನ್ನು ದೇವಸ್ಥಾನ ಮಾಡಿದ್ದೆವು. ಉಪ್ಪಿಟ್ಟಿನ ತಟ್ಟೆ ಕೈಗೆ ಬರುವ ಹೊತ್ತಿಗೆ ಹಿತ್ತಿಲ ಕಡೆಯಿಂದ ಗಾಳಿ ಬೀಸಿತು. ಹುಡುಗನ ಅಪ್ಪ ತಟ್ಟೆ ಕೆಳಗಿಟ್ಟರು.

"ಏನ್ರೀ ಇದು ವಾಸ್ನೆ? ಬಟ್ಟಿ ಗಿಟ್ಟಿ ಇಳ್ಸೀರಾ ಎಂಗೆ?"

ಇಳಿಸುತ್ತಿದ್ದದ್ದು ನಿಜ. ಅದು ಗಾಡಿಗೆ ಎಂದರೆ ಯಾರು ನಂಬಬೇಕು? ಕಳ್ಳಭಟ್ಟಿಯ ಮನೆ ಎಂಬ ಹೆಸರು ಬಂದರೆ ಈ ಸಂಬಂಧವಲ್ಲ, ಯಾವ ಸಂಬಂಧವೂ ಕೂಡಿ ಬರುವುದಿಲ್ಲ. ಅಪ್ಪ ಬೆವರುತ್ತಿದ್ದರು. ನಾನು ಉಪ್ಪಿಟ್ಟಿನಲ್ಲಿದ್ದ ಸಾಸಿವೆ ನೋಡುತ್ತಿದ್ದೆ.

ಆಗ ಹಿಂದಿನ ಕೋಣೆಯಿಂದ ಚಿಕ್ಕಪ್ಪ ಬಂದರು. ಹೊಸಿಲು ಇನ್ನೂ ಒಂದು ಮಾರು ಇರುವಾಗಲೇ ಎಡವಿದರು. ಕುಡಿದು ಗೊತ್ತಿದ್ದರಲ್ಲವೇ? ಬಾಗಿಲ ಚೌಕಟ್ಟು ಹಿಡಿದು, ತಲೆ ತಗ್ಗಿಸಿ, "ತಪ್ಪಾಯ್ತು ಸಾ. ನಾನೇ ವಸಿ ತಕಂಡಿವ್ನಿ. ಮನೆಯೋರ್ ಮೇಲೆ ಏನೂ ತಿಳ್ಕಬ್ಯಾಡಿ" ಎಂದರು.

ಹುಡುಗನ ಅಪ್ಪ ಗೊಳ್ಳನೆ ನಕ್ಕುಬಿಟ್ಟರು. "ಓಗ್ಲಿ ಬುಡಿ ಅತ್ಲಾಗೆ. ಎಲ್ರ್ ಮನೇಲೂ ಇಂತೋರ್ ಒಬ್ರು ಇದ್ದೇ ಇರ್ತಾರೆ." ಮತ್ತೆ ತಟ್ಟೆ ಎತ್ತಿಕೊಂಡರು. ಮದುವೆ ನಿಶ್ಚಯವಾಯಿತು. ಮಾರನೆಯ ದಿನ ಚಿಕ್ಕಪ್ಪ ಡ್ರಮ್ಮು ಮಗುಚಿ, ತಾಮ್ರದ ಕೊಳವೆಯನ್ನು ಗುಜರಿಗೆ ಹಾಕಿ ಬಂದರು. ಅಮ್ಮನ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬಾವಿಯ ಕಟ್ಟೆ ಮೇಲೆ ಬೋರಲು ಹಾಕಿದರು. ಸ್ಪಿರಿಟ್ಟಿನ ಮಾತನ್ನು ಆಮೇಲೆ ಎತ್ತಲಿಲ್ಲ. ನಾವೂ ಕೇಳಲಿಲ್ಲ.

ಬೀಗರು ಕೆಟ್ಟವರಾಗಿದ್ದರೆ ಚೆನ್ನಾಗಿತ್ತು. ಅವರಂಥ ಒಳ್ಳೆಯವರು ಸಿಗುವುದು ಕಷ್ಟ. ಹನೂರಿನಿಂದ ಬಂದಾಗಲೆಲ್ಲ ಚಿಕ್ಕಪ್ಪನಿಗೆಂದು ಒಂದು ಕ್ವಾರ್ಟರ್ ಮರೆಯದೆ ತರುವರು. ಚಿಕ್ಕಪ್ಪ ಎರಡೂ ಕೈಯಲ್ಲಿ ಈಸಿಕೊಂಡು, ಅವರು ಅತ್ತ ಹೋದ ಮೇಲೆ ಮೊಪೆಡ್ಡಿಗೆ ಸುರಿದು ನೋಡುವರು. "ಇದ್ರಲ್ಲಿ ನಮ್ದಕ್ಕಿಂತ ನೀರು ಜಾಸ್ತಿ ಅದೆ ಕಣ್ಲಾ" ಎಂದು ನನ್ನತ್ತ ನೋಡಿ ನಗುವರು. ನಾನೂ ನಕ್ಕಿದ್ದೇನೆ. ನಗಬಾರದಿತ್ತು. ಮಂಜುಳಳ ಮಕ್ಕಳು ಅವರನ್ನು ಕುಡುಕ ತಾತ ಎಂದು ಕರೆಯತೊಡಗಿದಾಗಲೂ ಅವರು ಮಕ್ಕಳ ಎದುರು ಒಂದು ಸಲ ತೂರಾಡಿ ತೋರಿಸಿ ನಗಿಸುತ್ತಿದ್ದರು. ಚಿಕ್ಕಪ್ಪ ತೀರಿಕೊಂಡ ವರ್ಷದ ಪಿತೃಪಕ್ಷಕ್ಕೆ ಬೀಗರೇ ಬಾಟಲಿ ತಂದು, "ಪಾಪ, ಇಷ್ಟಪಡೋರು" ಎಂದು ಎಡೆಯಲ್ಲಿಟ್ಟರು. ನಾವು ಧೂಪ ಹಾಕಿದೆವು. ಅಲ್ಲಿಂದ ಅದೇ ಪದ್ಧತಿಯಾಯಿತು. ಬರುಬರುತ್ತಾ ನಾನೇ ತರತೊಡಗಿದೆ. ನಿಜ ಹೇಳೋಣವೆಂದು ಒಮ್ಮೆ ತಂಗಿಯನ್ನು ಕೇಳಿದ್ದಕ್ಕೆ, "ಈಗ್ಯಾಕಣ್ಣಾ ಅದೆಲ್ಲಾ? ಸುಳ್ಳೇಳಿ ಎಣ್ಣು ಕೊಟ್ರು ಅಂತಾರೆ" ಎಂದಳು. ನನಗೆ ಬೇಕಾಗಿದ್ದೂ ಆ ಮಾತೇ.

ಆದರೆ ಈ ಸಲ ಬಂಕಿನಿಂದ ಬಂದವನು ಸೀಟಿನ ಅಡಿಯಿಂದ ಪಂಚೆ, ಎಲೆ ಮಾತ್ರ ತೆಗೆದೆ. ಎಡೆ ಇಟ್ಟೆವು, ಬಾಗಿಲು ಮುಚ್ಚಿ ಜಗಲಿಗೆ ಬಂದೆವು. ಬೀಗರು ಎಂದಿನಂತೆ ನನ್ನ ಪಕ್ಕ ಕೂತು ತೊಡೆ ತಟ್ಟಿದರು.

"ಎಲ್ಲಪ್ಪಾ, ಚಿಕ್ಕಪ್ಪಂದು ಮಡಗ್ಲೇ ಇಲ್ವಲ್ಲ?"

ಹೇಳಬೇಕೆಂದೇ ಬಾಯಿ ತೆರೆದದ್ದು. ಬಂದದ್ದು ಬೇರೆ. "ಕೊನೇಲಿ ಬುಟ್ಬುಟ್ಟಿದ್ರು ಮಾವ."

ಅವರ ಮುಖ ಅರಳಿತು. "ಬುಟ್ಬುಟ್ಟಿದ್ರಾ! ನಂಗೆ ಗೊತ್ತೇ ಇರ್ಲಿಲ್ವಲ್ಲಪ್ಪ. ಅದು ಸುಮ್ನೆ ಮಾತಲ್ಲ ಕಣಪ್ಪ, ಬುಡೋದು." ಮುಚ್ಚಿದ ಬಾಗಿಲಿಗೆ ಕೈ ಮುಗಿದರು. ಮೊಮ್ಮಕ್ಕಳನ್ನು ಕರೆದು, "ಕೈ ಮುಗೀರ್ಲಾ, ನಿಮ್ ತಾತ ಬುಟ್ಟಿದ್ರಂತೆ" ಎಂದರು. ಮಕ್ಕಳು ಕೈ ಮುಗಿದವು. ಕುಡಿಯದವರಿಗೆ ಕುಡುಕನೆಂಬ ಹೆಸರು ಸಾಲದೆ, ಕುಡಿತ ಬಿಟ್ಟವರೆಂಬ ಹೆಸರನ್ನೂ ನಾನೇ ಕೊಡಿಸಿದ್ದೆ. ಅದನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ.

"ಮಾವ, ಅವ್ರು ಕುಡೀತಾನೇ ಇರ್ಲಿಲ್ಲ" ಎಂದೆ. ಡ್ರಮ್ಮು, ಹಂಡೆ, ಮೊಪೆಡ್ಡು, ಅವತ್ತಿನ ವಾಸನೆ, ಎಲ್ಲ ಹೇಳಿದೆ. ಮಂಜುಳ ಸೆರಗು ಬಾಯಿಗೆ ಒತ್ತಿಕೊಂಡಳು.

ಬೀಗರು ಬೈಯುತ್ತಾರೆಂದು ಕಾದೆ, ಬೈದಿದ್ದರೆ ಬದುಕುತ್ತಿದ್ದೆ. ಅವರು ತಮ್ಮ ಕೈಗಳನ್ನೇ ನೋಡಿಕೊಂಡು ಕೇಳಿದರು: "ಅಂಗಾದ್ರೆ ಇಷ್ಟ್ ವರ್ಸ ನಾನು ಅವ್ರ ಮುಂದೆ ಏನಪ್ಪಾ ಮಡಗ್ದೆ?"

ಆಮೇಲೆ ಎದ್ದು ಮಂಜುಳಳನ್ನು ಕೇಳಿದರು. "ಏನ್ ಕುಡೀತಿದ್ರವ್ವ ಅವ್ರು?" ಅವಳು ಹಿತ್ತಿಲಿನಿಂದ ಸುತ್ತಿ ಬಂದು ಲೋಟದಲ್ಲಿ ಬೆಲ್ಲದ ನೀರು ತಂದುಕೊಟ್ಟಳು. ಬೀಗರು ಚಪ್ಪಲಿ ಬಿಟ್ಟು, ಕೆಮ್ಮಿ ಸದ್ದು ಮಾಡಿ ಬಾಗಿಲು ತೆಗೆದರು. ಲೋಟವನ್ನು ಚಿಕ್ಕಪ್ಪನ ಪಟದ ಮುಂದಿಟ್ಟು ಹೊರಬಂದು ಮತ್ತೆ ಬಾಗಿಲು ಎಳೆದುಕೊಂಡರು. "ಇನ್ನೊಂದ್ ಗಳಿಗೆ ಇರಿ. ಈಗ್ ಬತ್ತಾರೆ" ಎಂದರು. ಎಂದು, ಜಗಲಿಯ ಆ ಕೊನೆಗೆ ಹೋಗಿ ಕೂತರು. ನನ್ನ ಪಕ್ಕದ ಜಾಗ ಹಾಗೇ ಇತ್ತು.

ಆ ಬಾಟಲಿ ಇನ್ನೂ ಸೀಟಿನ ಅಡಿಯಲ್ಲೇ ಇದೆ. ರಸ್ತೆಯಲ್ಲಿ ಹಂಪು ಬಂದಾಗಲೆಲ್ಲ ಟಣ್ ಎನ್ನುತ್ತದೆ. ಯಾರಿಗಾದರೂ ಕೊಡಲು ಮನಸ್ಸು ಬರುವುದಿಲ್ಲ. ಮೊನ್ನೆ ಬಂಕಿನಲ್ಲಿ ಇದನ್ನೂ ಟ್ಯಾಂಕಿಗೆ ಸುರಿದುಬಿಡೋಣವೆಂದು ಮುಚ್ಚಳ ತಿರುಗಿಸಿದೆ. ಆಮೇಲೆ ಸುಮ್ಮನೆ ಮುಚ್ಚಿಟ್ಟೆ. ನೀರು ಜಾಸ್ತಿ ಅಂತೆ, ಇದರಲ್ಲಿ.