ಪೂಜೆಯಿಂದ ಎಬ್ಬಿಸಿದ ಕಾಮಿಕ್ಸ್

ಪೂಜೆಗೆ ಇಟ್ಟ ಪುಸ್ತಕವನ್ನು ವಿಜಯದಶಮಿಗೆ ಮುಂಚೆ ಯಾರೂ ಮುಟ್ಟುವುದಿಲ್ಲ. ನನ್ನ ತವರಿನಲ್ಲೂ ಅದೇ ಪದ್ಧತಿ, ಪೀಣ್ಯದ ಈ ಬಾಡಿಗೆ ಮನೆಯಲ್ಲೂ ಅದೇ. ಕಳೆದ ದಸರಾದಲ್ಲಿ ನನ್ನ ಗಂಡನ ಅಕ್ಕ ಮಾಡಿದ ಕೆಲಸ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನನ್ನ ಮಗಳು ಏಳನೇ ಕ್ಲಾಸು. ಸರಸ್ವತಿ ಪೂಜೆಯ ದಿನ ಗೊಂಬೆ ಮೆಟ್ಟಿಲ ಪಕ್ಕದ ಮಣೆಯ ಮೇಲೆ ಪಾಠದ ಪುಸ್ತಕಗಳನ್ನೆಲ್ಲ ಜೋಡಿಸಿ, ಕೊನೆಗೆ ಮೂರು ಇಂಗ್ಲಿಷ್ ಕಾಮಿಕ್ಸ್ ಹಿಡಿದುಕೊಂಡು ನಿಂತಳು.

"ಅಮ್ಮ, ಇವನ್ನೂ ಇಡ್ಲಾ?"

ಮೂರೂ ಒಬ್ಬಳೇ ಹುಡುಗಿಯ ಕಥೆ. ಬೆಳಿಗ್ಗೆ ಸ್ಕೂಲಿಗೆ ಹೋಗುತ್ತಾಳೆ, ಹೋಂವರ್ಕ್ ಮಾಡದೆ ಬೈಸಿಕೊಳ್ಳುತ್ತಾಳೆ, ಊರಿಗೆ ಆಪತ್ತು ಬಂದರೆ ಬಾತ್‌ರೂಮಿನಲ್ಲಿ ಮುಖವಾಡ ಹಾಕಿಕೊಂಡು ಕಿಟಕಿಯಿಂದ ಹಾರಿ ಹೋಗುತ್ತಾಳೆ. ಅವಳ ಶಕ್ತಿಯ ವಿಷಯ ಯಾರಿಗೂ ಗೊತ್ತಿಲ್ಲ, ಹೆತ್ತ ತಾಯಿಗೂ. ಮಗಳ ಬಾಯಲ್ಲಿ ಮೊದಲ ಸಲ ಕೇಳಿದಾಗಲೇ ನನಗೆ ಕೆಂಡದಂಥ ಸಿಟ್ಟು ಬಂದಿತ್ತು. ಡಬ್ಬಿ ಕಟ್ಟಿಕೊಡುವುದಕ್ಕೆ ಮಾತ್ರ ತಾಯಿ ಬೇಕೇ? ಇಂಥ ಕಥೆ ಬರೆಯುವವರಿಗೆ ತಾಯಂದಿರ ಮೇಲೆ ಅದೇನು ಹಗೆಯೋ. ಓದಿ ಓದಿ ನನ್ನ ಮಗಳೂ ನನ್ನಿಂದ ಮುಚ್ಚಿಡುವುದನ್ನು ಕಲಿತುಬಿಟ್ಟರೆ ಎಂಬ ಹೆದರಿಕೆ ನನಗೆ ಇದ್ದೇ ಇತ್ತು. ಆದರೆ ಅವಳು ಕೇಳಿ ಇಡುತ್ತಿದ್ದಳಲ್ಲ, ದೇವರು ಅಷ್ಟಾದರೂ ಕೊಟ್ಟಿದ್ದಾನೆ ಅಂದುಕೊಂಡೆ.

"ಅಕ್ಷರ ಇದೆ ತಾನೇ? ಇಡು" ಎಂದೆ. ಅರಿಶಿನ ಕುಂಕುಮ ಅವಕ್ಕೂ ಬಿತ್ತು.

ಆಯುಧಪೂಜೆಯ ದಿನ ನನ್ನ ಗಂಡ ಲೇತ್ ಮಷೀನಿನ ಪೂಜೆಗೆಂದು ಫ್ಯಾಕ್ಟರಿಗೆ ಹೋಗಿದ್ದರು. ಮಗಳು ಮೇಲಿನ ಮನೆಯವರ ಗೊಂಬೆ ನೋಡಲು ಹೋಗಿದ್ದಳು. ಸಿಂಗಸಂದ್ರದಿಂದ ಹಬ್ಬಕ್ಕೆ ಬಂದಿದ್ದ ನನ್ನ ಗಂಡನ ಅಕ್ಕ ಹಾಲ್‌ನಲ್ಲಿದ್ದರು. ನಾನು ಹೂರಣ ರುಬ್ಬಿ ಈಚೆ ಬಂದು ನೋಡಿದರೆ ಮಣೆಯ ಮೇಲೆ ಕಾಮಿಕ್ಸ್ ಇಲ್ಲ.

"ಎಲ್ಲಿ ಅಕ್ಕ?"

"ಹಳೇ ಪೇಪರ್ ಚೀಲದ ಜೊತೆ ಗುಜರಿ ಅಂಗಡೀಲಿ ಹಾಕ್ಬಂದೆ. ದೇವ್ರ ಮುಂದೆ ಅಂಥಾ ಮುಖವಾಡದವ್ರನ್ನ ಕೂರಿಸ್ತಾರೇನೇ? ಓದೋ ಹುಡುಗಿ ಅವ್ಳು."

"ಪೂಜೆಗೆ ಕೂತ ಪುಸ್ತಕ ಎಬ್ಬಿಸಿದ್ರಾ?"

"ಪುಸ್ತಕ ಎಲ್ಲೇ? ಕಸ ಎಬ್ಬಿಸ್ದೆ."

ಅಷ್ಟರಲ್ಲಿ ಬಾಗಿಲಲ್ಲಿ ಮಗಳು, ಕೈಯಲ್ಲಿ ಉಸಲಿಯ ದೊನ್ನೆ. ಎಲ್ಲ ಕೇಳಿಸಿಕೊಂಡಿದ್ದಳು. ಅಳಲಿಲ್ಲ. ಮಣೆ ನೋಡಿದಳು, ನನ್ನನ್ನು ನೋಡಿದಳು, "ಪರ್ವಾಗಿಲ್ಲ ಬಿಡಿ ಅತ್ತೆ" ಎಂದು ನಕ್ಕಳು. ಅತ್ತಿದ್ದರೆ ಮಡಿಲಿಗೆ ಎಳೆದುಕೊಳ್ಳುತ್ತಿದ್ದೆ. ಹೀಗೆ ನಗುವ ಮಗುವನ್ನು ಏನು ಮಾಡುವುದು? ಇನ್ನು ಕಿಟಕಿಯಿಂದ ಹಾರುವುದೊಂದು ಬಾಕಿ.

ಒಲೆ ಆರಿಸಿದೆ. ಮಗಳ ಕೈ ಹಿಡಿದು ಹೊರಟೆ.

"ಹಬ್ಬದ ದಿನ ಗುಜರಿ ಅಂಗಡಿಗೆ ಹೋಗ್ತೀಯೇನೇ?"

"ನೀವು ಹೋದ ದಾರೀಲೇ ಹೋಗ್ತಿದೀನಿ ಅಕ್ಕ."

ಬೀದಿಯ ತುಂಬ ಬಾಳೆಕಂದು ಕಟ್ಟಿಕೊಂಡ ಟೆಂಪೋಗಳು, ಒಡೆದ ಬೂದುಗುಂಬಳ. ಗುಜರಿ ಅಂಗಡಿಯವನು ತಕ್ಕಡಿಗೆ ಚೆಂಡುಹೂವಿನ ಹಾರ ಹಾಕಿ, ಮುಂದೆ ಪುರಿ ಹಂಚುತ್ತ ಕೂತಿದ್ದ.

"ಅಣ್ಣ, ನಮ್ಮನೆ ಪೇಪರ್ ಚೀಲ ಹೋಗ್ಬಿಡ್ತಾ?"

"ಎಲ್ಲಿಗ್ ಹೋಗ್ತದೆ ಅಕ್ಕ? ತಕ್ಕಡಿ ಪೂಜೆಗ್ ಕೂತದೆ, ಇವತ್ತೇನೂ ತೂಗಲ್ಲ ಅಂದೆ. ಆಯಮ್ಮ ಕೇಳ್ಲೇ ಇಲ್ಲ, ಇಟ್ಬಿಟ್ಟು ಹೋದ್ರು."

ತಾಯೀ ಚಾಮುಂಡಿ ಎಂದು ಅಲ್ಲೇ ಕೈ ಮುಗಿದೆ. ಚೀಲ ಹಾಗೇ ಇತ್ತು. ಒಂದು ಕಾಮಿಕ್ಸಿನ ರಟ್ಟು ಹರಿದಿತ್ತು, ಅಷ್ಟೇ. ಮೂರರ ಮೇಲೂ ಕುಂಕುಮ ಇನ್ನೂ ಇತ್ತು.

ಮನೆಗೆ ಬಂದು ಮತ್ತೆ ಮಣೆಯ ಮೇಲಿಟ್ಟೆ.

"ಒಂದ್ಸಲ ಎತ್ತಿದ್ದನ್ನ ಮತ್ತೆ ಇಡ್ತಾರಾ?"

"ಎತ್ತಿದ್ದು ನಾನಲ್ಲ. ತಪ್ಪುಕಾಣಿಕೆ ನೀವೇ ಹಾಕಿ."

ಮದುವೆಯಾದಾಗಿನಿಂದ ಅವರಿಗೆ ಎದುರಾಡಿದವಳಲ್ಲ ನಾನು. ಅವರು ಮುಖ ತಿರುಗಿಸಿಕೊಂಡು ಕೂತರು. ಒಬ್ಬಟ್ಟು ಮಾತ್ರ ತುಪ್ಪ ಹಾಕಿಸಿಕೊಂಡು ತಿಂದರು, ಸಂಜೆಗೆ ಹೊರಟುಹೋದರು. ಕಾಣಿಕೆ ಹಾಕಲಿಲ್ಲ.

ಮಾರನೆಯ ದಿನ ದಶಮಿ. ಇಳಿಸಿದ ಪುಸ್ತಕದಿಂದ ಒಂದು ಪುಟವಾದರೂ ಅಂದು ಓದಬೇಕು. ಮಗಳು ವಿಜ್ಞಾನ ಓದಿದಳು, ಕನ್ನಡ ಪದ್ಯ ಓದಿದಳು. ಕಾಮಿಕ್ಸ್ ಮುಟ್ಟಲಿಲ್ಲ.

"ಅದನ್ನ ಯಾರು ಓದ್ತಾರೆ? ನಂಗೆ ಇಂಗ್ಲಿಷ್ ಬರಲ್ಲ" ಎಂದು ಗದರಿದೆ.

ರಟ್ಟು ಹರಿದದ್ದನ್ನು ತೆಗೆದು ಕನ್ನಡದಲ್ಲಿ ಹೇಳತೊಡಗಿದಳು. ಆ ಹುಡುಗಿ ಮಂಡಿ ಒಡೆದುಕೊಂಡು ಬಂದು, ಬಸ್ಸಿನಲ್ಲಿ ಬಿದ್ದೆ ಎಂದು ತಾಯಿಗೆ ಸುಳ್ಳು ಹೇಳುವ ಪುಟ.

"ಅವಳಮ್ಮಂಗೆ ಕಣ್ಣಿಲ್ವೇನೇ?"

"ಕಣ್ಣಿದ್ರೆ ಕಥೆ ಮುಗ್ದೋಗತ್ತಲ್ಲಮ್ಮ."

"ಮುಗೀಲಿ!"

ನಕ್ಕಳು. ಹಿಂದಿನ ದಿನದ ನಗುವಲ್ಲ, ಹಲ್ಲೆಲ್ಲ ಕಾಣುವ ನಗು. ಆಮೇಲೆ ಎದ್ದು ಹೋಗಿ, ಗೊಂಬೆ ಮೆಟ್ಟಿಲಿಗೆ ಹೊದಿಸಿದ್ದ ಬಿಳಿ ಪಂಚೆ ಎತ್ತಿ ಒಳಗೆ ಕೈ ಹಾಕಿದಳು. ಇನ್ನೂ ಎರಡು ಕಾಮಿಕ್ಸ್.

"ಇವನ್ನ ನಿಂಗೆ ಹೇಳಿರ್ಲಿಲ್ಲಮ್ಮ. ಪರೀಕ್ಷೆ ಟೈಮಲ್ಲಿ ಫ್ರೆಂಡ್ ಹತ್ರ ಇಸ್ಕೊಂಡಿದ್ದೆ."

ದಿನಾ ಸಂಜೆ ಆ ಮೆಟ್ಟಿಲ ಮುಂದೆ ಕೂತು ದೀಪ ಹಚ್ಚಿದವಳು ನಾನು. ನನಗೂ ಕಂಡಿರಲಿಲ್ಲ.

"ಪರೀಕ್ಷೆ ಟೈಮಲ್ಲಾ?" ಎಂದು ಚೆನ್ನಾಗಿ ಬೈದೆ. ಬೈಯುತ್ತಲೇ ಕುಂಕುಮದ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡೆ.