ರೈಟ್ ಎನ್ನುವುದಕ್ಕೆ ಮುಂಚೆ

ಮಾತು ಬಾರದ ಮಕ್ಕಳಿಗೆ ಯಾವ ರಾಗ ಹಾಡಿದರೆ ಮಾತು ಬರುತ್ತದೆ ಎಂದು ಕೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮದುವೆಮನೆಯ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ಬ್ಯಾಂಕಿನ ಕ್ಯೂನಲ್ಲಿ ಕೇಳುತ್ತಾರೆ. ಸಕ್ಕರೆ ಕಾಯಿಲೆಗೆ ಈ ರಾಗ, ಮಂಡಿನೋವಿಗೆ ಆ ರಾಗ ಎನ್ನುವ ಮೆಸೇಜೊಂದು ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿದೆಯಲ್ಲ, ಅದನ್ನು ನನಗೇ ಕಳಿಸಿ 'ನಿಮಗೆ ಉಪಯೋಗಕ್ಕೆ ಬರಬಹುದು' ಎಂದು ಕೆಳಗೆ ಬರೆಯುತ್ತಾರೆ. ಮೊದಮೊದಲು ಸಮಾಧಾನವಾಗಿ ವಿವರಿಸುತ್ತಿದ್ದೆ. ಈಗ 'ಬಾಯಿ ಮುಚ್ಚಿಕೊಂಡಿರುವ ರಾಗ ಹಾಡಿದರೆ ಬರುತ್ತದೆ' ಎಂದುಬಿಡುತ್ತೇನೆ. ಅವರು ತಮಾಷೆ ಎಂದುಕೊಂಡು ನಗುತ್ತಾರೆ. ನಾನು ನಗುವುದಿಲ್ಲ.

ನಾನು ಚಾಮರಾಜನಗರದ ಹೈಸ್ಕೂಲೊಂದರಲ್ಲಿ ಸಂಗೀತದ ಟೀಚರಾಗಿದ್ದವಳು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲಾಗದೆ ಮೈಸೂರಿಗೆ ಓಡಾಡಿ, ವಿಶೇಷ ಅಗತ್ಯವಿರುವ ಮಕ್ಕಳ ಜೊತೆ ಸಂಗೀತದಿಂದ ಕೆಲಸ ಮಾಡುವುದನ್ನು ಕಲಿತು ಬಂದೆ. ಈಗ ವಾರದಲ್ಲಿ ಎರಡು ದಿನ ಗುಂಡ್ಲುಪೇಟೆಗೆ ಹೋಗುತ್ತೇನೆ. ಅಲ್ಲಿ ಊರಿನ ಕೆಲವರು ಸೇರಿ ಕಟ್ಟಿಕೊಂಡ ಸಂಘವೊಂದು ಇಂಥ ಮಕ್ಕಳಿಗಾಗಿ ಒಂದು ಕೋಣೆ ಮಾಡಿದೆ. ಒಂದು ಹಾರ್ಮೋನಿಯಂ, ಒಂದು ಕಂಜಿರ, ಒಂದಷ್ಟು ಗೆಜ್ಜೆ, ನೆಲಕ್ಕೆ ಹಾಸಲು ಜಮಖಾನ. ಕಿಟಕಿಯಾಚೆ ಕೇರಳದ ಕಡೆಗೆ ಹೋಗುವ ಹೆದ್ದಾರಿ. ಲಾರಿಗಳು ಹಾರನ್ ಹೊಡೆಯುತ್ತಲೇ ಇರುತ್ತವೆ. ಸಣ್ಣ ಸದ್ದಿಗೂ ಬೆಚ್ಚಿಬೀಳುವ ಮಕ್ಕಳಿಗೆ ಆ ಜಾಗ ಹುಡುಕಿಕೊಟ್ಟ ಪುಣ್ಯಾತ್ಮ ಯಾರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆ ಕೋಣೆಗೆ ಬೇಗೂರಿನ ಹತ್ತಿರದ ಹಳ್ಳಿಯಿಂದ ಒಬ್ಬಳು ತಾಯಿ ತನ್ನ ಐದು ವರ್ಷದ ಮಗಳನ್ನು ಕರೆದುಕೊಂಡು ಬರುತ್ತಿದ್ದಳು. ಹೊಲದಲ್ಲಿ ಚೆಂಡುಹೂ ಬಿಡಿಸುವ ಕೆಲಸ ಅವಳದು. ಬೆರಳ ತುದಿಯೆಲ್ಲ ಹಳದಿ. ಮಾತಾಡುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುವ ಹೆಂಗಸು. ಹೆಂಗಸರಿಗೆ ಬಸ್ಸಿನ ಟಿಕೆಟ್ ಪುಕ್ಕಟೆಯಾದ ಮೇಲೆ ಗಂಡನ ಮುಂದೆ ಕೈಚಾಚದೆ ಹೊರಡುವ ಧೈರ್ಯ ಅವಳಿಗೆ ಬಂದಿತ್ತು. ಮಗಳಿಗೆ ಕಿವಿ ಚೆನ್ನಾಗಿ ಕೇಳುತ್ತಿತ್ತು, ಆದರೆ ಮಾತಿಲ್ಲ. ಯಾರ ಮುಖವನ್ನೂ ನೋಡಳು. ಗೋಡೆಯ ಕಡೆ ತಿರುಗಿ ಗೆಜ್ಜೆಯೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿಕೊಂಡು ಕೂರುವಳು.

ಮೊದಲ ದಿನ ನಾನು ತಾಯಿಯನ್ನು, ನಿನಗೆ ಏನಾಗಬೇಕು ಎಂದು ಕೇಳಿದ್ದೆ.

"ನನ್ನ ಅವ್ವ ಅನ್ನದಿದ್ರೂ ಪರ್ವಾಗಿಲ್ಲ ಮಿಸ್ಸು. ಒಟ್ಟೆ ಅಸಿತದ ಅಂತ ಏಳುದ್ರೆ ಸಾಕು. ಈಗೇನೋ ನಾನಿವ್ನಿ, ಮೊಕ ನೋಡ್ಬುಟ್ಟು ಗೊತ್ತು ಮಾಡ್ಕತೀನಿ. ನಾನಿಲ್ದೆ ಇದ್ದಾಗ ಯಾರಿಗ್ ಗೊತ್ತಾಯ್ತದೆ?"

ಮಗು ಡಾಕ್ಟರಾಗಬೇಕು, ಹಾಡಬೇಕು, ಎಲ್ಲರ ಹಾಗೆ ಆಗಬೇಕು ಎಂದು ಕೇಳುವವರ ನಡುವೆ ಇವಳು ಇಷ್ಟು ಮಾತ್ರ ಕೇಳಿದ್ದಳು. ಅದನ್ನು ಕೊಡಿಸಲೇಬೇಕೆಂಬ ಹಟ ನನಗೆ ಹುಟ್ಟಿತು.

ಈ ಕೆಲಸದಲ್ಲಿ ಮಂತ್ರ ಮಾಯ ಏನೂ ಇಲ್ಲ. ಮಗುವಿಗೆ ಏನು ಇಷ್ಟವೋ ಅದನ್ನೇ ಹಾಡಾಗಿ ಕಟ್ಟುತ್ತೇವೆ. ಅದೇ ಹಾಡನ್ನು ಅದೇ ಧಾಟಿಯಲ್ಲಿ, ಅದೇ ವೇಗದಲ್ಲಿ, ಮಗುವಿಗೆ ನಾಳೆಯ ಊಟದಷ್ಟು ಖಾತ್ರಿಯಾಗುವ ತನಕ ಹಾಡುತ್ತೇವೆ. ಆಮೇಲೆ ಒಂದು ದಿನ ಕೊನೆಯ ಪದವನ್ನು ಹಾಡದೆ ನಿಲ್ಲಿಸಿ, ಶ್ರುತಿ ಮಾತ್ರ ಹಿಡಿದುಕೊಂಡು ಕಾಯುತ್ತೇವೆ. ಆ ಖಾಲಿ ಜಾಗ ಮಗುವಿನದು. ಅದರೊಳಗೆ ಮಗು ಒಂದು ಕೈಬೆರಳನ್ನಾದರೂ ಇಡುತ್ತದೆಯೇ ಎಂದು ನೋಡುವುದೇ ನಮ್ಮ ಕೆಲಸ. ಹಾಡುವುದು ಸುಲಭ. ಕಾಯುವುದು ಕಷ್ಟ.

ಈ ಹುಡುಗಿಗೆ ಇಷ್ಟವಾದದ್ದು ಬಸ್ಸು. ತಾಯಿಯೇ ಹೇಳಿದಳು, ಕಂಡಕ್ಟರು 'ರೈಟ್' ಎಂದ ತಕ್ಷಣ ಬಸ್ಸು ಅಲ್ಲಾಡಿ ಮುಂದಕ್ಕೆ ಹೋಗುತ್ತದಲ್ಲ, ಆಗ ಕೂಸಿನ ಮುಖ ಅರಳುತ್ತದಂತೆ. ಆ ಸಂಜೆ ಚಾಮರಾಜನಗರಕ್ಕೆ ವಾಪಸು ಬರುವಾಗ ತೆರಕಣಾಂಬಿ ದಾಟುವುದರೊಳಗೆ ಹಾಡು ಕಟ್ಟಿಬಿಟ್ಟೆ. ಬಂತು ಬಂತು ಬಸ್ಸು ಬಂತು, ಬೇಗೂರಲ್ಲಿ ಬಂದು ನಿಂತು; ಅಜ್ಜಿ ಹತ್ತಿ, ಬುಟ್ಟಿ ಹತ್ತಿ, ಕೂಸು ಕೂಡ ಹತ್ತಿ ಆಯ್ತು; ಬಾಗಿಲು ಹಾಕಿ ಆಯ್ತು ಅಣ್ಣಾ... ರೈಟ್! ವಿದ್ವಾಂಸರು ಕೇಳಿದರೆ ಕಿವಿ ಮುಚ್ಚಿಕೊಂಡಾರು. ಅವರಿಗಾಗಿ ಕಟ್ಟಿದ ಹಾಡಲ್ಲ ಅದು.

ವಾರಗಟ್ಟಲೆ ಹಾಡಿದೆ. ಹುಡುಗಿ ಗೋಡೆ ಬಿಟ್ಟು ನನ್ನ ಕಡೆ ತಿರುಗಿದಳು. ಹಾರ್ಮೋನಿಯಂ ಮೇಲೆ ಕೈ ಇಟ್ಟಳು. 'ಅಣ್ಣಾ' ಎಂದು ಸ್ವರ ಹಿಡಿದು ನಿಲ್ಲಿಸಿದರೆ ಪೆಟ್ಟಿಗೆಯನ್ನು ಒಮ್ಮೆ ತಟ್ಟುವಳು. ಅದು ಅವಳ ರೈಟ್. ನಾನು 'ರೈಟ್' ಎಂದು ಹಾಡಿ ತಿದಿ ಒತ್ತುವೆ, ಬಸ್ಸು ಹೊರಡುವುದು. ಎಲ್ಲಕ್ಕಿಂತ ದೊಡ್ಡ ಕಷ್ಟ ತಾಯಿಯದು. ನಾನು ನಿಲ್ಲಿಸಿದ ಕೂಡಲೇ ಅವಳು ಹಿಂದಿನಿಂದ "ಏಳು ಕೂಸೇ, ರೈಟ್ ಅನ್ನು" ಎಂದುಬಿಡುವಳು. ಅವಳೊಬ್ಬಳೇ ಅಲ್ಲ. ಕಸ ಗುಡಿಸುವ ಆಯಾ, ಬೇರೆ ಮಕ್ಕಳ ತಾಯಂದಿರು, ಬಾಗಿಲಲ್ಲಿ ಇಣುಕಿದ ಅಂಚೆಯವನು, ಎಲ್ಲರೂ ಹೇಳಿಕೊಡುವವರೇ. ನಮ್ಮ ಕಡೆಯ ಜನಕ್ಕೆ ಒಬ್ಬರು ತಡವರಿಸುತ್ತಾ ನಿಂತಿದ್ದರೆ ನೋಡಲಾಗುವುದಿಲ್ಲ, ಕೈಹಿಡಿದು ದಾಟಿಸುವ ಹಾಗೆ ಅವರ ಮಾತನ್ನು ತಾವೇ ಮುಗಿಸಿಬಿಡುತ್ತಾರೆ. ಅದನ್ನು ಕರುಣೆ ಎಂದುಕೊಂಡಿದ್ದಾರೆ. ನಾನು ತಾಯಿಗೆ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂರು ಎಂದು ಗದರಿದೆ. ಅವಳು ಹಾಗೇ ಕೂತಳು.

ಒಂದು ದಿನ ನಾನು ನಿಲ್ಲಿಸಿದಾಗ ಕೈ ಪೆಟ್ಟಿಗೆಯ ಮೇಲೆ ಬೀಳಲಿಲ್ಲ. ಶ್ರುತಿ ಹಿಡಿದುಕೊಂಡು ಕಾದೆ. ಹೊರಗೆ ಯಾವುದೋ ಲಾರಿ ಹೋಯಿತು. ಆಮೇಲೆ ಹುಡುಗಿ ನನ್ನ ಬಾಯನ್ನೇ ನೋಡುತ್ತಾ "ಐಟ್" ಎಂದಳು.

ನಾನು ತಿದಿ ಒತ್ತಿ ಹಾಡು ಮುಂದುವರಿಸಿದೆ. ಅಳುತ್ತಾ ಕೂತರೆ ಬಸ್ಸು ಹೊರಡುವುದು ಹೇಗೆ? ಹಿಂದೆ ತಾಯಿ ಬಾಯಲ್ಲಿ ಸೆರಗು ತುರುಕಿಕೊಂಡೇ ಬಿಕ್ಕುತ್ತಿದ್ದಳು. ಹುಡುಗಿ ಮುಂದಿನ ಸಲವೂ ಹೇಳಿದಳು, ಅದರ ಮುಂದಿನ ಸಲವೂ. ಬಸ್ಸಿನಲ್ಲೂ ಕಂಡಕ್ಟರಿಗಿಂತ ಮುಂಚೆ ಹೇಳಿಬಿಟ್ಟಳು ಎಂದು ತಾಯಿ ಬಂದು ಹೇಳಿದಳು. ನಾನು ಊಟದ ಹಾಡು ಶುರು ಮಾಡಿದ್ದೆ. ಅದರ ಕೊನೆಯ ಪದ 'ಹಸಿವು'. ಇನ್ನು ಸ್ವಲ್ಪ ದಿನ, ಅಷ್ಟೆ.

ಅಷ್ಟರಲ್ಲಿ ಸಂಘದ ಅಧ್ಯಕ್ಷರು ಒಂದು ದಿನ ಕೋಣೆಗೆ ಬಂದರು. ಗೊಬ್ಬರದ ಅಂಗಡಿಯ ಯಜಮಾನರು, ಹಣೆ ತುಂಬ ವಿಭೂತಿ, ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ಬೈದು ಹಗುರಾಗುತ್ತಿದ್ದೆ. ಬಾಗಿಲಲ್ಲಿ ನಿಂತು ಆ 'ಐಟ್' ಕೇಳಿ ಅವರ ಕಣ್ಣಲ್ಲಿ ನೀರು ಬಂತು.

"ಮೇಡಂ, ಇದನ್ನ ಜನ ನೋಡ್ಬೇಕು. ಚಾಮರಾಜನಗರದಲ್ಲಿ ನಮ್ಮ ಕಾರ್ಯಕ್ರಮ ಅದೆ. ಸ್ಟೇಜ್ ಮೇಲೆ ಒಂದು ಸಲ ಹಾಡುಸ್ಬುಡಿ."

ಬೇಡ ಎಂದೆ. ಮೈಕು, ಚಪ್ಪಾಳೆ, ಹೊಸ ಜಾಗ, ಯಾವುದೂ ಈ ಮಗುವಿಗೆ ಆಗದು ಎಂದು ಬಿಡಿಸಿ ಬಿಡಿಸಿ ಹೇಳಿದೆ. ಅವರು ನನ್ನನ್ನು ಬಿಟ್ಟು ತಾಯಿಯ ಮನೆಗೆ ಹೋದರು. ಇಷ್ಟು ದೊಡ್ಡವರು ಮನೆ ಬಾಗಿಲಿಗೆ ಬಂದು ಕೇಳಿದರೆ ಆಗುವುದಿಲ್ಲ ಎನ್ನುವ ಶಕ್ತಿ ಆ ಮನೆಯವರಿಗೆ ಎಲ್ಲಿಂದ ಬರಬೇಕು? ವ್ಯಾನು ಕಳಿಸಿದರು. ನಾನು ಹೋಗದಿದ್ದರೆ ಮಗುವಿನಿಂದ ಬೇರೆ ಯಾರಾದರೂ ಹಾಡಿಸುತ್ತಾರೆ ಎಂದು ನಾನೂ ಹೋದೆ.

ತಾಯಿ ಮದುವೆಯ ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ಮಗುವಿಗೆ ಕುತ್ತಿಗೆ ಕೆರೆಯುವ ಜರಿಯ ಲಂಗ ರವಿಕೆ. ಭಾಷಣಗಳು ಮುಗಿಯಲೇ ಇಲ್ಲ. 'ದೇವರ ಮಕ್ಕಳು' ಎಂದರು, 'ಇವರು ನಮಗಿಂತ ಶ್ರೇಷ್ಠರು' ಎಂದರು, ಆ ಶ್ರೇಷ್ಠರು ಉಚ್ಚೆಗೆ ಹೋಗಬೇಕೆಂದರೆ ಕರೆದುಕೊಂಡು ಹೋಗಲು ಅಲ್ಲಿ ಬೀಗವಿಲ್ಲದ ಒಂದು ಬಚ್ಚಲಿರಲಿಲ್ಲ. ಕೊನೆಗೆ ನಮ್ಮನ್ನು ಕರೆದರು. ನಾನು ಮೈಕು ದೂರ ಸರಿಸಿ ನೆಲದ ಮೇಲೆ ಕೂತು ಹಾಡು ಶುರು ಮಾಡಿದೆ. ಹುಡುಗಿಯ ಕಣ್ಣು ಮೇಲಿನ ದೀಪಗಳ ಕಡೆ ಇತ್ತು. ಬುಟ್ಟಿ ಹತ್ತುವ ಹೊತ್ತಿಗೆ ನನ್ನ ಕಡೆ ತಿರುಗಿದಳು. ನಿಜವಾಗಿ ಹೇಳುತ್ತೇನೆ, ಆ ಗದ್ದಲದಲ್ಲೂ ತಿರುಗಿದಳು. 'ಅಣ್ಣಾ' ಎಂದು ನಿಲ್ಲಿಸಿದೆ. ಅವಳ ತುಟಿ ಅಲ್ಲಾಡಿತು.

ನಿರೂಪಕ ತಡೆಯಲಾರದೆ ಹೋದ. ಮೈಕು ಬಾಯಿಗಿಟ್ಟುಕೊಂಡು "ರೈಟ್! ಹೇಳು ಪುಟ್ಟಿ, ರೈಟ್!" ಎಂದ. ಅವನು ಹೇಳಿದ್ದೇ ತಡ, ಸಭೆಗೆ ಸಭೆಯೇ ಪ್ರೀತಿಯಿಂದ "ರೈಟ್!" ಎಂದು ಕೂಗಿ ಚಪ್ಪಾಳೆ ತಟ್ಟಿತು. ಸ್ಪೀಕರು ಕೀರೆಂದಿತು. ಹುಡುಗಿ ಎರಡೂ ಕಿವಿ ಮುಚ್ಚಿಕೊಂಡು ಚೀರಿದಳು, ತನ್ನ ಮುಂಗೈಯನ್ನೇ ಕಚ್ಚಿಕೊಂಡಳು. ಅಂಥ ಹೊತ್ತಿನಲ್ಲೂ ಅಧ್ಯಕ್ಷರು ನನ್ನ ಹೆಗಲಿಗೆ ಶಾಲು ಹೊದಿಸಿದರು. ಆ ಶಾಲನ್ನು ಕಿತ್ತು ಮಗುವಿನ ತಲೆಗೆ, ಕಿವಿಗೆ ಸುತ್ತಿ, ಎತ್ತಿಕೊಂಡು ಹೊರಗೆ ನಡೆದೆ. ಜನ ಅದಕ್ಕೂ ಚಪ್ಪಾಳೆ ತಟ್ಟಿದರು.

ಆಮೇಲೆ ಆ ಹುಡುಗಿ ಬಸ್ಸು ಹತ್ತಲಿಲ್ಲ. ಬಸ್ಸು ಕಂಡರೆ ಕಿವಿ ಮುಚ್ಚಿಕೊಳ್ಳುವಳು, ಎಳೆದರೆ ರಸ್ತೆಯಲ್ಲೇ ಉರುಳುವಳು. 'ಐಟ್' ಹೋಯಿತು. ತಟ್ಟುವುದೂ ಹೋಯಿತು. ಅತ್ತೆ "ಕೂಸ ಸ್ಟೇಜ್ ಮ್ಯಾಲೆ ಮೆರೆಸುದ್ರಲ್ಲ, ದೃಷ್ಟಿ ಆಗ್ದೆ ಇನ್ನೇನಾದದು" ಎಂದಳಂತೆ. ಗಂಡ, ಇನ್ನು ಮನೆಯಲ್ಲೇ ಇರಲಿ ಎಂದನಂತೆ. ಇದನ್ನೆಲ್ಲ ತಾಯಿ ಫೋನಿನಲ್ಲಿ ಹೇಳಿ, "ನಾನೇನ್ ತಪ್ಪು ಮಾಡ್ದೆ ಮಿಸ್ಸು?" ಎಂದು ಕೇಳಿದಳು.

ಅಧ್ಯಕ್ಷರ ಅಂಗಡಿಗೇ ಹೋದೆ. ಗಿರಾಕಿಗಳ ಮುಂದೆಯೇ ಬಾಯಿಗೆ ಬಂದಂತೆ ಅಂದೆ. ಅವರು ಬೆವರೊರೆಸಿಕೊಂಡು, "ಒಳ್ಳೇದಾಗ್ಲಿ ಅಂತ ತಾನೇ ಮೇಡಂ ಮಾಡಿದ್ದು? ಹೇಳ್ಕೊಟ್ರೆ ತಾನೇ ಮಗು ಹೇಳೋದು?" ಎಂದರು.

"ನೀವು ಹೇಳಿಕೊಡಲಿಲ್ಲ, ಕಿತ್ತುಕೊಂಡಿರಿ. ಆ ಮಗುವಿಗೆ ಅಂತ ಇದ್ದದ್ದು ಒಂದೇ ಒಂದು ಪದ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಕಾಫಿ ತರಿಸಿದರು. ಕುಡಿಯದೆ ಬಂದೆ.

ಆಮೇಲೆ ತಾಯಿಗೆ ಹೇಳಿದೆ, ನೀನು ಮಗುವನ್ನು ಬೇಗೂರಿನ ಸ್ಟಾಪಿನ ತನಕ ಕರೆದುಕೊಂಡು ಬಾ, ಅಲ್ಲಿಗೆ ನಾನು ಬರುತ್ತೇನೆ, ಬಸ್ಸು ಹತ್ತಿಸುವುದು ಬೇಡ. ಗಂಡನಿಗೆ ಏನು ಹೇಳಿ ಬಂದಳೋ, ಬಂದಳು. ಗುಂಡ್ಲುಪೇಟೆಯ ಕೆಲಸ ಮುಗಿಸಿ ನಾನು ಬೇಗೂರಿಗೆ ಹೋಗುವುದು, ಮೂವರೂ ಅಂಗಡಿ ಸಾಲಿನ ನೆರಳಲ್ಲಿ ಕೂರುವುದು, ಬರುವ ಹೋಗುವ ಬಸ್ಸು ನೋಡುವುದು. ನಾನು ಪದಗಳಿಲ್ಲದೆ ಬರೀ ಧಾಟಿ ಗುನುಗುವೆ. ಬಾಳೆಹಣ್ಣಿನ ಅಂಗಡಿಯವನು ಮಗುವಿಗೆ ಮಾತು ಬರಲಿ ಎಂದು ಯಾವುದೋ ದೇವರಿಗೆ ಹರಕೆ ಹೊರಲು ಹೇಳಿದ. ಅವನಿಗೂ ನನ್ನಿಂದ ಮಂಗಳಾರತಿ ಆಯಿತು.

ಹೀಗೇ ಕೂತು ಕೂತು ಒಂದು ದಿನ, ಗುಂಡ್ಲುಪೇಟೆ ಬಸ್ಸು ಬಂದು ನಿಂತಾಗ ಹುಡುಗಿ ಎದ್ದಳು. ಕಿವಿ ಮುಚ್ಚಿಕೊಂಡೇ ಹೋಗಿ ಮೆಟ್ಟಿಲ ಮೇಲೆ ಕಾಲಿಟ್ಟಳು. ನಾವು ಅವಳ ಹಿಂದೆ ಹತ್ತಿದೆವು. ನಾನು ಕಂಡಕ್ಟರ ಹತ್ತಿರ ಹೋಗಿ ಪಿಸುಮಾತಿನಲ್ಲಿ, ಸ್ವಲ್ಪ ಹೊತ್ತು ರೈಟ್ ಅನ್ನಬೇಡಿ ಎಂದೆ.

"ರೈಟ್ ಅನ್ದೆ ಬಸ್ಸು ಎಂಗ್ ಎತ್ತೋದು ಮೇಡಂ?" ಎಂದ. ಮಗುವನ್ನು ನೋಡಿ ಗುರುತು ಹಿಡಿದ. "ಓ, ನಮ್ ಕಂಡಕ್ಟ್ರಮ್ಮ ಅಲ್ವಾ" ಎಂದು ಸೀಟಿಯನ್ನು ಜೇಬಿಗೆ ಹಾಕಿಕೊಂಡು ನಿಂತ.

ಬಸ್ಸು ನಿಂತೇ ಇತ್ತು. ಬಾಗಿಲು ಹಾಕಿ ಆಗಿತ್ತು. ಹುಡುಗಿ ಕಂಬಿ ಹಿಡಿದು ನಿಂತಿದ್ದಳು, ಕಿವಿಯಿಂದ ಒಂದು ಕೈ ಇಳಿದಿತ್ತು. ಜನ ಕತ್ತು ಉದ್ದ ಮಾಡಿ ನೋಡತೊಡಗಿದರು. ಡ್ರೈವರು ಕನ್ನಡಿಯಲ್ಲಿ ನೋಡಿದ. ಹಿಂದಿನ ಸೀಟಿನಿಂದ ಒಬ್ಬ, "ಏನ್ಲಾ ಇದು, ಬಸ್ಸು ಓಯ್ತದೋ ಇಲ್ವೋ? ಏ ಕೂಸೇ, ರೈ..." ಎಂದು ಬಾಯಿ ತೆಗೆದ.

"ಮುಚ್ಚಲಾ ಬಾಯ್ನ!"

ಯಾರೆಂದು ತಿರುಗಿ ನೋಡಿದೆ. ತಾಯಿ. ಸೆರಗು ಹೆಗಲ ಮೇಲಿತ್ತು, ಹಳದಿ ಬೆರಳು ಅವನ ಕಡೆ ಚಾಚಿತ್ತು. "ನಿಮ್ಮೆಲ್ರಿಗೂ ಮಾತು ಬತ್ತದಲ್ಲಾ, ಒಂದ್ ಗಳಿಗೆ ಸುಮ್ಕಿರಾಕೆ ಏನ್ ರ್ವಾಗ? ಅವ್ಳ ಮಾತ್ನ ಅವ್ಳು ಏಳ್ಕತಾಳೆ!"

ಬಸ್ಸಿಗೆ ಬಸ್ಸೇ ತುಟಿ ಪಿಟಕ್ಕೆನ್ನಲಿಲ್ಲ. ಇಷ್ಟು ದಿನ ನಾನು ಒಬ್ಬಳೇ ಹೊತ್ತುಕೊಂಡು ತಿರುಗಿದ ಸಿಟ್ಟು ಅವಳ ಬಾಯಲ್ಲಿ ಬಂದದ್ದು ಕೇಳಿ ನನಗೆ ಅಳು ಬಂತು.

ಹುಡುಗಿ ಮಾತಾಡಲಿಲ್ಲ. ಕಂಬಿಯನ್ನು ಅಂಗೈಯಿಂದ ಒಮ್ಮೆ ತಟ್ಟಿದಳು. ಮತ್ತೆ ಮೊದಲಿನ ಮೆಟ್ಟಿಲಿಗೇ ಬಂದಿದ್ದಳು. ವಾರಗಟ್ಟಲೆ ಹಾಡಿ ಹತ್ತಿದ್ದನ್ನು ಒಂದು ಚಪ್ಪಾಳೆಯಲ್ಲಿ ಇಳಿಸಿದ್ದರು, ಇನ್ನೊಮ್ಮೆ ಹತ್ತಬೇಕು. ಕಂಡಕ್ಟರು ನನ್ನ ಮುಖ ನೋಡಿದ. ಸಾಕು ಎಂದು ತಲೆಯಾಡಿಸಿದೆ. ಅವನು ಡ್ರೈವರಿಗೆ ಕೈಸನ್ನೆ ಮಾಡಿದ, ಬಸ್ಸು ಯಾರೂ ರೈಟ್ ಎನ್ನದೆ ಹೊರಟಿತು.

ತಾಯಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದಳು.

"ಸುಕ್ರವಾರನೂ ಇದೇ ಬಸ್ಸಿಗೆ ಬತ್ತೀವಿ. ಅವತ್ತೂ ಎಲ್ರೂ ಸುಮ್ಕಿರ್ಬೇಕು."